ಪರದೆಯ ಎಡಗಡೆ

ಸಿಂದಗಿಯ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ದಾನೇಶ್ವರಿಯವರ ಫ್ಲೆಕ್ಸ್ ಅಂಗಡಿ ಇದೆ. ಮದುವೆ, ಜವಳ, ಹುಟ್ಟುಹಬ್ಬ ಎಲ್ಲಕ್ಕೂ ಅಲ್ಲಿ ಬ್ಯಾನರ್ ಮಾಡುತ್ತಾರೆ. ಆದರೆ ಸುತ್ತಲಿನ ಊರವರು ಹೆಚ್ಚಾಗಿ ಅಲ್ಲಿಗೆ ಹೋಗುವುದು ಸತ್ತವರ ಫೋಟೋ ಹಿಡಿದುಕೊಂಡು. ಆಧಾರ್ ಕಾರ್ಡಿನ ಮಸುಕು ಮುಖವಿರಲಿ, ಮದುವೆಯ ಗುಂಪಿನಲ್ಲಿ ಅರ್ಧ ಕಾಣುವ ಮುಖವಿರಲಿ, ಅದನ್ನು ಬಿಡಿಸಿ ತೆಗೆದು, ಹೆಗಲಿಗೆ ಬಿಳಿ ವಸ್ತ್ರ ಹಾಕಿ, ಕಣ್ಣಿನ ಕೆಳಗಿನ ನೆರಳು ತಿಳಿಯಾಗಿಸಿ, ಬದುಕಿದ್ದಾಗ ಇದ್ದುದಕ್ಕಿಂತ ಶಾಂತವಾಗಿ ಕೂರಿಸಿಕೊಡುತ್ತಾರೆ.

ಈ ಕೆಲಸ ಕಲಿಸಿದವರು ಅವರ ಗಂಡ ಸಿದ್ದಾರೂಢ. ಚಿಕ್ಕಂದಿನಲ್ಲಿ ತೊಗರಿ ಕಟ್ಟಿಗೆ ಬಡಿದು ಅವರ ಬಲಗಣ್ಣು ಹೋಗಿತ್ತು. ಹಾಗಾಗಿ ಡಿಸೈನ್ ಸಾಫ್ಟ್‌ವೇರಿನ ಬಣ್ಣದ ಪಟ್ಟಿ, ಅಕ್ಷರದ ಪಟ್ಟಿ, ತಾವೇ ಬರೆದಿಟ್ಟ ದೀಪ, ಹಾರಗಳ ಚಿತ್ರ ಎಲ್ಲವನ್ನೂ ಪರದೆಯ ಎಡಗಡೆಗೆ ಎಳೆದು ತಂದು ಒತ್ತೊತ್ತಾಗಿ ಜೋಡಿಸಿಕೊಂಡಿದ್ದರು. ಬಲಗಡೆ ಪೂರ್ತಿ ಖಾಲಿ. ದಾನೇಶ್ವರಿ ಸ್ಟೂಲು ಹಾಕಿಕೊಂಡು ಅವರ ಬಲಕ್ಕೆ ಕುಳಿತು ಎಂಟು ವರ್ಷ ಕಲಿತರು. ಹೆಂಡತಿ ಕುಳಿತಿದ್ದಾಳೋ ಎದ್ದು ಹೋದಳೋ ನೋಡಲು ಸಿದ್ದಾರೂಢ ಕತ್ತನ್ನು ಪೂರ್ತಿ ತಿರುಗಿಸಬೇಕಾಗುತ್ತಿತ್ತು.

ಹೋದ ವರ್ಷ ಶ್ರಾವಣದಲ್ಲಿ ಅವರು ಎದೆನೋವಿನಿಂದ ತೀರಿಕೊಂಡರು. ದಾನೇಶ್ವರಿ ಒಬ್ಬರೇ ಕುಳಿತು ಮಾಡಿದ ಮೊದಲ ಬ್ಯಾನರ್ ಗಂಡನದೇ. ಆಮೇಲೂ ಆ ಜೋಡಣೆಯನ್ನು ಅವರು ಬದಲಿಸಲಿಲ್ಲ.

ನಾನು ತಾಂಬಾದವನು. ಈ ವರ್ಷ ಶ್ರಾವಣ ಮುಗಿದು ಕೆಲವು ದಿನಕ್ಕೆ ನಮ್ಮ ಸೋದರತ್ತೆ ಇಂದುಬಾಯಿ ಹೋದಳು. ಮೂರನೆಯ ದಿನದ ಬ್ಯಾನರಿಗಾಗಿ ಅವಳ ಫೋಟೋ ಹಿಡಿದು ಮೊದಲ ಬಸ್ಸಿಗೆ ಸಿಂದಗಿಗೆ ಬಂದೆ. ಅಂಗಡಿ ಇನ್ನೂ ತೆರೆದಿರಲಿಲ್ಲ. ಮೆಟ್ಟಿಲ ಮೇಲೆ ಕಂಪ್ಯೂಟರ್ ರಿಪೇರಿಯ ಆರಿಫ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

"ಇವತ್ತ ತಡಾ ಆಗತೈತ್ರಿ ಸರ್. ಮಶಿನ್ ಫಾರ್ಮ್ಯಾಟ್ ಹೊಡಿಯೋದೈತಿ," ಎಂದ.

ಏನಾಗಿದೆ ಎಂದು ಕೇಳಿದೆ. ಇಪ್ಪತ್ತೆರಡು ದಿನದಿಂದ ಹೀಗೆಯೇ ಎಂದು ಹೇಳತೊಡಗಿದ. ದಾನೇಶ್ವರಿ ಬೆಳಿಗ್ಗೆ ಸಾಫ್ಟ್‌ವೇರ್ ತೆರೆದರೆ ಸಿದ್ದಾರೂಢರ ಜೋಡಣೆ ಇರುವುದಿಲ್ಲ. ಪಟ್ಟಿಗಳೆಲ್ಲ ಹೊಸದಾಗಿ ಕೊಂಡಾಗ ಇದ್ದ ಹಾಗೆ ಬಲಗಡೆಗೆ ಹೋಗಿ ನಿಂತಿರುತ್ತವೆ. ಸಿದ್ದಾರೂಢ ಎಂದೋ ಒಂದು ಪೆನ್‌ಡ್ರೈವಿನಲ್ಲಿ ಜೋಡಣೆಯನ್ನು ಉಳಿಸಿಟ್ಟಿದ್ದರು. ದಿನಾಲೂ ಅದರಿಂದ ಮತ್ತೆ ತಂದುಕೊಳ್ಳಬೇಕು. ಮರುದಿನ ಮತ್ತೆ ಇಲ್ಲ. ಆರಿಫ ನಾಲ್ಕು ಸಲ ಮಧ್ಯಾಹ್ನ ಬಂದು ತಾನೇ ಬಂದ್ ಮಾಡಿ ತೆರೆದು ನೋಡಿದ್ದ. ಅವನ ಮುಂದೆ ಒಂದು ಪಟ್ಟಿಯೂ ಕದಲಿರಲಿಲ್ಲ.

"ಅಕ್ಕಾರು ಒಬ್ಬರ ತೆರದಾಗಷ್ಟ ಹೋಗತೈತ್ರಿ," ಎಂದು ದನಿ ತಗ್ಗಿಸಿದ. "ಅದೂ ಸಿದ್ದಾರೂಢ ಅಣ್ಣಾರ ವರ್ಷದ ದಿನಾ ಮುಗದ ಮರುದಿನಾನ ಸುರು ಆಗೇತಿ. ಪೆನ್‌ಡ್ರೈವೂ ಸಾಯಾಕ ಬಂದೈತಿ. ಅದರಾಗಿಂದು ಕಾಪಿನೂ ಆಗವಲ್ದು. ಫಾರ್ಮ್ಯಾಟ್ ಹೊಡದು ಹೊಸಾ ಸಾಫ್ಟ್‌ವೇರ್ ಹಾಕಿದ್ರ ಹಳೇ ಜೋಡಣಿ ಅದಕ್ಕ ನಡಿಯಂಗಿಲ್ಲ. ಅದರ ಕತಿ ಮುಗೀತು."

ಅಷ್ಟರಲ್ಲಿ ದಾನೇಶ್ವರಿ ಬಂದರು. ಕಣ್ಣು ಕೆಂಪಾಗಿದ್ದವು. ಶಟರ್ ಎತ್ತುತ್ತ ಆರಿಫನ ಕಡೆ ನೋಡದೆ ಹೇಳಿದರು, "ಅವ್ರಿಗೆ ಇಲ್ಲಿ ಇರಾಕ ಮನಸ್ಸಿಲ್ಲ ತಮ್ಮಾ. ವರ್ಷ ತುಂಬಿತು, ಒಂದೊಂದ ಸಾಮಾನ ತಗೊಂಡು ಹೊಂಟಾರ. ನಾನ ಹಿಡಕೊಂಡು ಕುಂತೇನಿ."

"ಭೂತದ ಕೆಲಸಾ ಅಂದ್ರ ನನ್ನನ್ಯಾಕ ಕರಸ್ತೀರಿ ಅಕ್ಕಾ? ದರ್ಗಾಕ್ಕ ಹೋಗಿದ್ರ ಒಂದ ದಾರದಾಗ ಮುಗೀತಿತ್ತು."

"ಅಲ್ಲೂ ಹೋಗಿ ಬಂದೇನಿ," ಎಂದರು.

ಆರಿಫ ಕುರ್ಚಿ ಎಳೆದುಕೊಳ್ಳಲು ಹೋದಾಗ ದಾನೇಶ್ವರಿ ತಡೆದರು. "ಐದ ನಿಮಿಷ ಕೊಡು. ಕಡೀ ಸಲ ನಾನ ತೆರಿತೇನಿ."

ಕಂಪ್ಯೂಟರ್ ಚಾಲೂ ಮಾಡಿದರು. ಗೋಡೆಯ ಮೇಲಿನ ಗಂಡನ ಫೋಟೋ ಇಳಿಸಿ ಸೆರಗಿನಿಂದ ಗಾಜು ಒರೆಸಿದರು. ವರ್ಷದ ದಿನಕ್ಕೆಂದೇ ಮಾಡಿಸಿದ್ದ ಸಾಗವಾನಿ ಕಟ್ಟಿನ ಭಾರದ ಫೋಟೋ ಅದು. ಅದನ್ನು ಪರದೆಗೆ ಆನಿಸಿ, ಕೀಬೋರ್ಡಿನ ಮೇಲೆ ನಿಲ್ಲಿಸಿದರು. ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಫೋಟೋದ ಬದಿಯಿಂದ ಇಣುಕಿ ಮೌಸಿನಿಂದ ಸಾಫ್ಟ್‌ವೇರ್ ಒತ್ತಿದರು. ಅದು ತೆರೆದುಕೊಳ್ಳಲು ಎರಡು ನಿಮಿಷ ಬೇಕು. ಅಷ್ಟೂ ಹೊತ್ತು ಕೈಮುಗಿದು ನಿಂತರು. ಒಂದು ಗಾಜಿನೊಳಗೆ ಒಂದು ಕಣ್ಣು ಮುಚ್ಚಿದ ಮುಖ. ಅದರ ಹಿಂದೆ ಪರದೆಯ ಬೆಳಕು ಬಂದು, ಹೋಗಿ, ಮತ್ತೆ ಬಂತು. ನನ್ನ ಕೈಯಲ್ಲಿ ಅತ್ತೆಯ ಫೋಟೋ ಇತ್ತು. ಅದನ್ನು ಅಂಗಿಯ ಕಿಸೆಗೆ ಸೇರಿಸಿದೆ.

ಫೋಟೋ ಎತ್ತಿದಾಗ ಪಟ್ಟಿಗಳೆಲ್ಲ ಬಲಗಡೆ ನಿಂತಿದ್ದವು.

"ನೋಡಿದಿ?" ಎಂದರು ದಾನೇಶ್ವರಿ, ಬಹಳ ಮೆತ್ತಗೆ.

ಆರಿಫ ಪರದೆ ನೋಡುತ್ತಿರಲಿಲ್ಲ. ಕೀಬೋರ್ಡಿನ ಮೇಲಿನ ಸಾಲಿಗೆ ಬಗ್ಗಿದ್ದ. ಫೋಟೋ ಕಟ್ಟಿನ ಅಂಚು ಕೂತಿದ್ದ ಕಡೆ ವಿಭೂತಿಯ ಗೆರೆಯೊಂದು ಮೂಡಿತ್ತು.

"ದಿನಾಲೂ ಇಲ್ಲೇ ಇಡ್ತೀರೇನ್ರಿ?"

"ವರ್ಷದ ದಿನದ ಮರುದಿನದಿಂದ. ಮೊದಲಿನ ಸಣ್ಣ ಫೋಟೋ ಗ್ವಾಡಿ ಮ್ಯಾಲ ಇತ್ತು. ದಿನದ ಮೊದಲ ಕೆಲಸ ಅವ್ರ ಕೈಲೇ ಸುರು ಆಗಲಿ ಅಂತ ಇಲ್ಲಿ ಇಡ್ತೇನಿ."

ಆರಿಫ ಹಣೆ ಬಡಿದುಕೊಂಡ. "ಯವ್ವಾ! ಈ ಸಾಲಿನಾಗ ಒಂದ ಕೀ ಐತಿ. ಅದನ್ನ ಒತ್ತಿ ಹಿಡಕೊಂಡು ತೆರದ್ರ ಎಲ್ಲಾ ಹೊಸದಾಗಿ ಕೊಂಡಾಗ ಇದ್ದಂಗ ಆಗತೈತಿ. ದಿನಾ ಫೋಟೋದ ಭಾರಾನ ಅದನ್ನ ಒತ್ತೇತಿ. ಊರ ಮಂದಿಗೆಲ್ಲಾ ಆ ಕೀ ಹೇಳಿಕೊಡಾಂವ ನಾನ, ನನಗ ಹೊಳೀಲಿಲ್ಲ ನೋಡ್ರಿ."

ದಾನೇಶ್ವರಿ ನಂಬಲಿಲ್ಲ. ಪೆನ್‌ಡ್ರೈವ್ ಹಾಕಿದರು. ಮೊದಲ ಸಲ ಓದಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಅದರ ಬಾಯಿ ಸೆರಗಿನಿಂದ ಒರೆಸಿ, ಏನೋ ಗೊಣಗಿ ಹಾಕಿದಾಗ ಪಟ್ಟಿಗಳು ಒಂದೊಂದಾಗಿ ಎಡಕ್ಕೆ ಸರಿದವು. ಆರಿಫ ಈ ಸಲ ಪೆನ್‌ಡ್ರೈವ್ ಮುಟ್ಟದೆ ಸಾಫ್ಟ್‌ವೇರಿನೊಳಗಿಂದಲೇ ಆ ಜೋಡಣೆಯನ್ನು ಕೂಡಲೇ ಕಂಪ್ಯೂಟರಿನಲ್ಲೂ ತನ್ನ ಡ್ರೈವಿನಲ್ಲೂ ಉಳಿಸಿದ. ಆ ಹಳೆಯ ಪೆನ್‌ಡ್ರೈವ್ ಮತ್ತೆ ಯಾವತ್ತೂ ತೆರೆಯಲಿಲ್ಲ. ಆರಿಫ ಸಾಫ್ಟ್‌ವೇರ್ ಬಂದ್ ಮಾಡಿ, ಫೋಟೋ ಇಡದೆ ತೆರೆದ. ಎಡಗಡೆ ಎಲ್ಲ ಇದ್ದ ಹಾಗೇ ಇತ್ತು. ಇನ್ನೊಮ್ಮೆ ತೆರೆದ. ಇತ್ತು.

"ಫಾರ್ಮ್ಯಾಟ್ ಬ್ಯಾಡ ಅಕ್ಕಾ. ಮಶಿನ್ ಗಟ್ಟಿ ಐತಿ."

ದಾನೇಶ್ವರಿ ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರು ಫೋಟೋ ಎದೆಗೆ ಅವಚಿಕೊಂಡು ಕೇಳಿದರು, "ಹಂಗಾರ ಇಷ್ಟ ದಿನಾ ಅವ್ರು ಬಂದಿರಲಿಲ್ಲೇನು?"

ಆರಿಫ ಬ್ಯಾಗಿನ ಜಿಪ್ ಎಳೆಯುವುದನ್ನು ನಿಲ್ಲಿಸಿದ. "ಅದನ್ನ ನಾ ಹೆಂಗ ಹೇಳ್ಲಿ ಅಕ್ಕಾ?" ಎಂದಷ್ಟೇ ಹೇಳಿದ.

ಅವನು ಹೋದ ಮೇಲೆ ಅವರು ನಮ್ಮ ಅತ್ತೆಯ ಕೆಲಸಕ್ಕೆ ಕುಳಿತರು. ಅತ್ತೆಯ ಮುಖ ಬಿಡಿಸುತ್ತ ತಾವಾಗಿಯೇ ಮಾತಾಡಿದರು. "ದಿನಾ ಮುಂಜಾನೆ ಅಂಜಿಕಿ ಬರತಿತ್ರಿ ಸರ್. ಆದ್ರ ಅಂಜಕೋತ ಲಗೂ ಲಗೂ ಬರತಿದ್ದೆ. ಯಾರೋ ಬಂದು ಸಾಮಾನ ಸರಿಸಿ ಹೋಗ್ಯಾರ ಅನಸತಿತ್ತು. ನಾಳಿಂದ ಎಲ್ಲಾ ಇಟ್ಟದ್ದು ಇಟ್ಟಲ್ಲೇ ಇರತೈತಿ."

ಆಮೇಲೂ ಎರಡು ಸಲ ಆ ಅಂಗಡಿಗೆ ಹೋಗಿದ್ದೇನೆ. ಈಗ ಫೋಟೋ ಗೋಡೆಯ ಮೇಲೂ ಇಲ್ಲ, ಕೀಬೋರ್ಡಿನ ಮೇಲೂ ಇಲ್ಲ. ಅವರ ಬಲಕ್ಕೆ, ತಾವು ಎಂಟು ವರ್ಷ ಕುಳಿತಿದ್ದ ಸ್ಟೂಲಿನ ಮೇಲಿದೆ. ಗಿರಾಕಿಗಳು ಅಲ್ಲಿ ಕೂರಲು ಹೋದರೆ, "ಅಲ್ಲಿ ಬ್ಯಾಡ್ರಿ, ಮಂದಿ ಅದಾರ," ಎನ್ನುತ್ತಾರೆ. ಎರಡೂ ಕಣ್ಣು ಸರಿಯಿದ್ದರೂ ಅವರ ನೋಟ ಪರದೆಯ ಎಡಗಡೆಯಲ್ಲೇ ಓಡಾಡುತ್ತದೆ. ಒಂದು ಮುಖ ಬಿಡಿಸಿ ಮುಗಿದಾಗ ಮಾತ್ರ ಕೈ ನಿಲ್ಲಿಸಿ, ಕತ್ತನ್ನು ಪೂರ್ತಿ ಬಲಕ್ಕೆ ತಿರುಗಿಸಿ ಸ್ಟೂಲಿನ ಕಡೆ ನೋಡುತ್ತಾರೆ.