ಎಡೆ ಇಟ್ಟಿದ್ದ ಜಾಗ

ಕಂಬಗಳ ನಡುವೆ ಕಾಲಿಟ್ಟ ಕೂಡಲೇ ಮಾಂಸದ ಸಾರಿನ ವಾಸನೆ ಬಂತು. ಬೆಳ್ಳಂದೂರಿನ ಆಚೆ ಕೋರ್ಟು ತಕರಾರಿಗೆ ಸಿಕ್ಕಿ ವರ್ಷಗಳಿಂದ ನಿಂತುಹೋಗಿದ್ದ ಟೆಕ್ ಪಾರ್ಕ್ ಅದು. ಅರ್ಧ ಭಾಗಕ್ಕೆ ಕಾಂಕ್ರೀಟ್ ಹಾಸಿ ಏಳಂತಸ್ತಿನವರೆಗೆ ಕಂಬ ಎಬ್ಬಿಸಿದ್ದರು. ಉಳಿದರ್ಧ ಬೇಸ್‌ಮೆಂಟಿಗೆಂದು ತೋಡಿದ ಭಾರಿ ಗುಂಡಿ, ತುಂಬ ಹಸಿರು ನೀರು. ಅಲ್ಲಿ ಊಟದ ವಾಸನೆ ಯಾಕೆ ಬರಬೇಕು?

ಒಂದು ಕಂಬದ ಬುಡದಲ್ಲಿ ಬಾಳೆಎಲೆ ಹರಡಿತ್ತು. ಮುದ್ದೆ, ಸಾರು, ಕಜ್ಜಾಯ, ಪಕ್ಕದಲ್ಲಿ ಒಂದು ಕ್ವಾರ್ಟರ್ ಬಾಟಲಿ, ಹಚ್ಚಿಟ್ಟ ಬೀಡಿ. ಬೀಡಿಯಿಂದ ಇನ್ನೂ ಹೊಗೆ ಏಳುತ್ತಿತ್ತು. ಮಾಟವಿರಬೇಕೆಂದು ನಾನು ಹಿಂದಕ್ಕೆ ಜಿಗಿದೆ. ಓದಿದವನು ಹಾಗೆ ಜಿಗಿಯಬಾರದಿತ್ತು, ಆದರೂ ಜಿಗಿದೆ.

"ನೋಡ್ಕೊಂಡು ಸಾರ್, ನಮ್ಮಪ್ಪನ ಎದೆ ಮೇಲೆ ನಿಂತಿದ್ದೀರ" ಎಂದಿತು ಕಂಬದ ಹಿಂದಿನಿಂದ ಒಂದು ಹೆಣ್ಣು ದನಿ.

ಮೂವತ್ತರ ಆಸುಪಾಸಿನ ಹೆಂಗಸು, ಜೊತೆಗೆ ಅವಳ ತಾಯಿ. ಕಾಗೆ ಬಂದು ಎಡೆ ಮುಟ್ಟಲೆಂದು ಇಬ್ಬರೂ ಮರೆಯಲ್ಲಿ ಕೂತಿದ್ದರು. ಅಂದು ಮಹಾಲಯ ಅಮಾವಾಸ್ಯೆ ಎಂಬುದು ನನಗೆ ಹೊಳೆದದ್ದು ಆಗಲೇ. ಈ ಕಟ್ಟಡ ನಿಂತಿರುವುದು ಅವರ ರಾಗಿಹೊಲದಲ್ಲಿ. ಆ ಕಡೆಯ ರೂಢಿಯಂತೆ ಮನೆ ಯಜಮಾನನನ್ನು ಹೊಲದ ಮೂಲೆಯಲ್ಲೇ ಮಣ್ಣು ಮಾಡಿದ್ದರು. ಆಮೇಲೆ ತಾಯಿಯ ಮೈದುನ ಮುಂದೆ ನಿಂತು ಜಮೀನು ಮಾರಿಸಿದ. ಸಮಾಧಿಯನ್ನು ಮುಟ್ಟುವುದಿಲ್ಲ, ಅದರ ಮೇಲೆ ನೆಲ ಹಾಸುತ್ತಾರೆ ಅಷ್ಟೆ ಎಂದು ಅತ್ತಿಗೆಗೆ ಮಾತು ಕೊಟ್ಟಿದ್ದ. ಈ ಕಂಬವನ್ನು ತೋರಿಸಿದವನೂ ಅವನೇ.

"ಅಪ್ಪಂಗೆ ಈಗ ಏಳಂತಸ್ತಿನ ಮನೆ. ನಮಗೆ ಇನ್ನೂ ಶೀಟಿನ ಸೂರು" ಎಂದು ಮಗಳು ನಕ್ಕಳು.

"ಬಾಯ್ಮುಚ್ಚೇ. ಮುದ್ದೆ ಆರೋಯ್ತದೆ, ಕಾಗೆ ಬರ್ಲಿ" ಎಂದಳು ತಾಯಿ.

ನಾನು ಬಂದ ಕೆಲಸವನ್ನು ಹೇಳಿದೆ. ಪಾಳುಬಿದ್ದ ಕಟ್ಟಡಗಳನ್ನು, ಯಾರೂ ಕೇಳದ ಸ್ಮಶಾನಗಳನ್ನು ಕ್ಯಾಮೆರಾದಲ್ಲಿ ಹಿಡಿಯುವುದು ನನ್ನ ಭಾನುವಾರಗಳ ಗೀಳು. ಕೆಲವು ವರ್ಷಗಳ ನಂತರ ಅದೇ ಜಾಗಕ್ಕೆ ಹೋಗಿ, ಹಳೆಯ ಚಿತ್ರದ ಪ್ರತಿಯನ್ನು ಕೈಯಲ್ಲಿ ಹಿಡಿದು, ಅದೇ ಕೋನ ಹುಡುಕಿ ಮತ್ತೆ ತೆಗೆಯುತ್ತೇನೆ. ಈ ಹೊಲವನ್ನೂ ಹಿಂದೊಮ್ಮೆ ತೆಗೆದಿದ್ದೆ, ಕಟ್ಟಡ ಶುರುವಾಗುವ ಮುಂಚೆ. ಪಾಳು ಪಂಪ್‌ಹೌಸು, ಅದಕ್ಕೆ ಒರಗಿದ ಹೊಂಗೆಮರ. ಯಾರಾದರೂ ಕೇಳಿದ್ದರೆ ಹೀಗೆಂದೇ ಆಣೆ ಮಾಡಿ ಹೇಳುತ್ತಿದ್ದೆ. ಬ್ಯಾಗಿನಿಂದ ಚಿತ್ರ ತೆಗೆದರೆ ಅದರಲ್ಲಿ ಹೊಂಗೆಮರವೇ ಇಲ್ಲ. ಬದಲಿಗೆ, ನಾನು ಎಂದೂ ಗಮನಿಸಿರದ ಒಂದು ಸುಣ್ಣ ಬಳಿದ ದಿಬ್ಬ, ಅದಕ್ಕೊಂದು ದೀಪದ ಗೂಡು, ಪಂಪ್‌ಹೌಸಿನ ಹಿಂದೆ.

"ಅಯ್ಯೋ, ನಮ್ಮೆಜಮಾನ್ರು!" ಎಂದು ತಾಯಿ ಚಿತ್ರವನ್ನು ಕಸಿದುಕೊಂಡಳು. ಆಮೇಲೆ ಕೇಳಿದಳು, "ಈಗ ನಾ ಎಡೆ ಇಟ್ಟಿರೋದು ಸರಿಯಾಗೈತಾ ಸಾಮಿ? ಇದ್ರಲ್ಲಿ ನೋಡಿ ಯೋಳಿ."

ಚಿತ್ರದಲ್ಲಿದ್ದ ಎರಡು ವಸ್ತು ಈಗಲೂ ನಿಂತಿದ್ದವು: ಹೈಟೆನ್ಷನ್ ಟವರ್, ಊರಿನ ನೀರಿನ ಟ್ಯಾಂಕು. ಅವೆರಡೂ ಚಿತ್ರದಲ್ಲಿದ್ದ ಹಾಗೇ ಕಾಣುವವರೆಗೆ ನಾನು ಪಕ್ಕಕ್ಕೆ ಸರಿಯುತ್ತ ಹೋದೆ. ತಾಯಿ, ಮಗಳು ಹಿಂದೆಯೇ ಬಂದರು. ಕಂಬ ದೂರವಾಯಿತು. ಕಾಂಕ್ರೀಟು ಮುಗಿಯಿತು. ಟವರು ಟ್ಯಾಂಕಿನ ಎಡಕ್ಕೆ ಸರಿಯಾಗಿ ಬಂದು ಕೂತಾಗ ನಾನು ಗುಂಡಿಯ ಅಂಚಿನಲ್ಲಿದ್ದೆ. ದಿಬ್ಬ ಇರಬೇಕಾದ ಕಡೆ ನೀರು. ಅದರ ಮೇಲೊಂದು ಥರ್ಮಾಕೋಲ್ ತುಂಡು ತೇಲುತ್ತಿತ್ತು.

ಮಗಳ ಮುಖ ನೋಡಿದೆ. ಅವಳಿಗೂ ಗೊತ್ತಾಗಿತ್ತು. ಹೇಳಬೇಡಿ ಎನ್ನುವಂತೆ ತಲೆಯಾಡಿಸಿದಳು.

"ಲೆನ್ಸು ಕೆಲವು ಸಲ ಮೋಸ ಮಾಡುತ್ತೆ ಅಮ್ಮ. ದೂರದ್ದು ಹತ್ತಿರ ಕಾಣುತ್ತೆ" ಎಂದೆ. ಅದು ಪೂರ್ತಿ ಸುಳ್ಳೇನಲ್ಲ. ನಿಜವೂ ಅಲ್ಲ.

ತಾಯಿ ಚಿತ್ರವನ್ನು ಮುಖದ ಮುಂದೆ ಹಿಡಿದು, ಒಮ್ಮೆ ಅದನ್ನು, ಒಮ್ಮೆ ಆಕಾಶವನ್ನು ನೋಡಿದಳು. "ಟವರೂ ಮೋಸ ಮಾಡ್ತದಾ?"

ತಾಯಿ ಮಗಳ ಕಡೆ ತಿರುಗಿದಳು. "ನಿಮ್ಮ ಚಿಕ್ಕಪ್ಪಂಗೆ ಫೋನ್ ಆಕು" ಎಂದಳು. ಮಗಳು ಸ್ಪೀಕರ್ ಹಾಕಿದಳು.

"ಇಟ್ರಾ ಅತ್ತಿಗೆ? ಕಾಗೆ ಬಂತಾ?" ಎಂದಿತು ಹೊಟ್ಟೆತುಂಬ ಉಂಡ ಮೈದುನನ ದನಿ.

"ನಾನು ಗುಂಡಿ ತಾವ ನಿಂತಿವ್ನಿ."

ಆ ಕಡೆ ಟಿವಿ ಸದ್ದು ನಿಂತಿತು. "ಅಲ್ಲ್ಯಾಕ್ ಓದ್ರಿ? ಕಂಬದ ತಾವ ಅಂತ ಯೋಳಿರ್ಲಿಲ್ವಾ?"

"ಕಂಬದ ತಾವ ಯಾರವ್ರೆ?"

ಅವಳು ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ಬೇರೆಯದನ್ನೇ ಕೇಳಿದಳು. ಅದು ನನಗಾಗಲಿ, ಬಹುಶಃ ಅವಳ ಮಗಳಿಗಾಗಲಿ, ಆವರೆಗೆ ಹೊಳೆದೇ ಇರಲಿಲ್ಲ.

"ಈ ಗುಂಡಿ ಮಣ್ಣು ಎಲ್ಲಿಗ್ ಒಡುದ್ರು?"

"ಅತ್ತಿಗೆ, ಒಳ್ಳೆ ದಿವ್ಸ..."

"ಎಲ್ಲಿಗ್ ಒಡುದ್ರು ಅಂದೆ."

"ಕೆರೆಗೆ" ಎಂದ ಅವನು. "ಟಿಪ್ಪರ್‌ನೋರು ಎಲ್ಲಾದ್ನೂ ಕೆರೆಗೇ ಸುರುದ್ರು."

ಅವಳು ಕಂಬದ ಬಳಿಗೆ ಹಿಂದಿರುಗಿದಳು. ಕಾಗೆ ಮುಟ್ಟದ ಎಡೆಯನ್ನು ಎಲೆ ಸಮೇತ ಮಡಚಿದಳು. ಸಾರು ಅವಳ ಮೊಣಕೈವರೆಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಗಂಟನ್ನು ಎದೆಗೆ ಅವಚಿಕೊಂಡು ಹಿಂದೆಯೇ ಬಂದಿದ್ದ ಮಗಳ ಕೈಯಲ್ಲಿದ್ದ ಫೋನಿನತ್ತ ಬಗ್ಗಿದಳು. ಫೋನು ಇನ್ನೂ ಕಟ್ಟಾಗಿರಲಿಲ್ಲ.

"ಕೆರೆ ದೊಡ್ದು ಕಣಪ್ಪ" ಎಂದಳು. "ಏರಿ ಕಡೆಗೋ, ಕೋಡಿ ಕಡೆಗೋ? ಅಷ್ಟಾದ್ರೂ ಯೋಳು."