ಅಟ್ಟಣೆಯ ಮೇಲಿನ ಕುಂಡ

ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಹೊನ್ನೂರಿನ ತೋಪಿನಲ್ಲಿ ಹಳೆಯ ಮಾವುಗಳನ್ನು ಸಾಕಿಕೊಂಡಿದ್ದರು. ಎಲ್ಲಿ ಒಳ್ಳೆಯ ಮರವಿದೆಯೆಂದು ಕೇಳಿದರೂ ಹೋಗಿ ಕಸಿ ಕಟ್ಟಿ ತರುವುದು ಅವರ ವ್ರತ. ಜನ ಆ ತೋಪನ್ನು ಹೊಗಳುವುದನ್ನು ಕೇಳಿ ಕೇಳಿ ನನಗೆ ಮಾವಿನ ಹಣ್ಣೇ ಹುಳಿಯಾಗಿತ್ತು. ಆದರೂ ಹೆಂಡತಿಯ ಕಾಟಕ್ಕೆ ಒಂದು ಆಷಾಢದಲ್ಲಿ ಕೊಳ್ಳೇಗಾಲದಿಂದ ಬಸ್ಸು ಹತ್ತಿದೆ. ಆಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು; ನಾವು ಮದ್ರಾಸಿನ ಪ್ರಜೆಗಳು, ಅವರು ಮೈಸೂರಿನವರು. ನನ್ನ ಹೊಟ್ಟೆಕಿಚ್ಚನ್ನು ಮಾತ್ರ ಗಡಿಯಲ್ಲಿ ಯಾರೂ ತಡೆಯಲಿಲ್ಲ.

ದೇವರ ದರ್ಶನ ಮಾಡಿಸುವಂತೆ ಅವರು ನನ್ನನ್ನು ಮರದಿಂದ ಮರಕ್ಕೆ ಕರೆದೊಯ್ದರು. ಕೊನೆಯ ಮರದ ಹಣ್ಣು ಕಚ್ಚಿದರೆ ಏಲಕ್ಕಿಯ ಘಮ. ನಮ್ಮ ಹಿತ್ತಿಲ ಮರದ್ದೇ! ಅಪ್ಪ ನೆಟ್ಟ ಆ ಮರ ಗೋಡೆಯಾಚೆ ಬಾಗಿ, ನನ್ನ ಚಿಕ್ಕಪ್ಪನ ಮಗನ ಅಂಗಳಕ್ಕೇ ಹೆಚ್ಚು ಹಣ್ಣು ಉದುರಿಸುತ್ತಿತ್ತು. ಈ ಅನ್ಯಾಯ ಸಹಿಸಲಾರದೆ ಅದನ್ನು ಕಡಿಸಿದ್ದೆ. ಆಮೇಲೆ ಪ್ರತಿ ಬೇಸಿಗೆಯೂ ಆ ರುಚಿಯನ್ನು ನೆನೆದು ಎಂಜಲು ನುಂಗಿದ್ದೇ ಬಂತು.

"ನಿಮ್ಮಪ್ಪ ಇದ್ದಾಗ ನಿಮ್ ಮರದಿಂದ್ಲೇ ಕಸಿ ಕಟ್ಟಿದ್ದು ಕಣಪ್ಪ," ಎಂದರು ಷಡ್ಡಕರು.

"ಅಣ್ಣ, ನನಗೂ ಒಂದು ಕಸಿ ಬೇಕು."

ಕಸಿಗೆ ಸಸಿಯ ಕುಂಡವನ್ನು ಮರದ ಬಳಿಯೇ ನಿಲ್ಲಿಸಿ, ಸಸಿಗೂ ರೆಂಬೆಗೂ ತೊಗಟೆ ಕೆತ್ತಿ, ಒಂದಕ್ಕೊಂದು ಬಿಗಿದು ಕಟ್ಟಬೇಕು. ಕೂಡಿಕೊಳ್ಳಲು ಎರಡು ಮೂರು ತಿಂಗಳು. ಕೈಗೆಟುಕುವ ಒಂದೇ ರೆಂಬೆಗೆ ಆಗಲೇ ಯಾರದೋ ಸಸಿ ಕಟ್ಟಿತ್ತು.

"ಅದು ನಿನ್ ಚಿಕ್ಕಪ್ಪನ ಮಗಂದು. ದೊಡ್ಡಪ್ಪ ನೆಟ್ಟಿದ್ ಮರದ್ ತಳಿ, ನಂಗೊಂದ್ ಕೊಡಿ ಅಂತ ಓದ್ ವಾರ ಕೈ ಮುಗುದ. ಅವನ್ನ ಕೇಳು, ಬುಟ್ಕೊಟ್ರೆ ನಿಂದೇ ಕಟ್ಟವ."

ಅವನನ್ನು ಕೇಳುವುದೇ? "ಮೇಲಿನ ರೆಂಬೆಗೆ ಕಟ್ಟಿ," ಎಂದೆ.

"ಕುಂಡ ಮಡಗಾಕೆ ಮೇಲೆ ಅಟ್ಟಣೆ ಆಕ್ಬೇಕು. ದಿನ ಬುಟ್ಟು ದಿನ ಅತ್ತಿ ನೀರ್ ಉಯ್ಯೋರ್ ಯಾರು? ನನ್ ಮಂಡಿ ಮಾತ್ ಕೇಳಕಿಲ್ಲ."

"ನಾನೇ ಬರ್ತೀನಿ."

"ಕಡಿಯೋವಾಗ್ಲೂ ಇಷ್ಟೇ ಶ್ರದ್ಧೆ ಇತ್ತೇನಪ್ಪಾ?"

ಅವನ ಸಸಿಯ ಮೇಲುಗಡೆಯೇ ಅಟ್ಟಣೆ ಹಾಕಿ ನನ್ನ ಸಸಿ ಕಟ್ಟಿದ್ದಾಯಿತು. ಆ ವರ್ಷ ಮಳೆಯೂ ಕೈಕೊಟ್ಟಿತು. ದಿನ ಬಿಟ್ಟು ದಿನ ಮೊದಲ ಬಸ್ಸಿಗೆ ಬಂದು, ಬಿಂದಿಗೆ ಹೊತ್ತು ಏಣಿ ಹತ್ತಿ, ಅಭಿಷೇಕ ಮುಗಿಸಿ ಇಳಿಯುತ್ತಿದ್ದೆ. ಚಿಕ್ಕಪ್ಪನ ಮಗ ಒಮ್ಮೆಯೂ ಇತ್ತ ತಲೆ ಹಾಕಲಿಲ್ಲ. ಆದರೂ ಅವನ ಸಸಿ ನನ್ನದಕ್ಕಿಂತ ಹಸಿರು. ಹದಿನೈದು ದಿನವಾದ ಮೇಲೆ ಕಾರಣ ಕಂಡಿತು: ನನ್ನ ಕುಂಡದ ತಳದಿಂದ ಸೋರಿದ ನೀರು ನೇರವಾಗಿ ಅವನ ಕುಂಡಕ್ಕೇ ಬೀಳುತ್ತಿತ್ತು.

ರೆಂಬೆಗೆ ಬಿಗಿದ ಸಸಿಯ ಕುಂಡವನ್ನು ಸರಿಸುವಂತಿಲ್ಲ. ತೂತು ಮುಚ್ಚಿದರೆ ನನ್ನ ಸಸಿಯ ಬೇರು ಕೊಳೆಯುತ್ತದೆ. ನೀರು ನಿಲ್ಲಿಸಿದರೆ ಒಣಗುತ್ತದೆ. ಬಿಂದಿಗೆ ಹಿಡಿದು ಅಟ್ಟಣೆಯ ಮೇಲೆ ಬಹಳ ಹೊತ್ತು ಕುಳಿತಿದ್ದೆ.

ಆಮೇಲೆ ಹುಯ್ದೆ.