ಗಿರಿಜಕ್ಕನ ಪಾಸ್‌ಬುಕ್

ಗಿರಿಜಕ್ಕ, ನಿಮ್ಮ ಪಾಸ್‌ಬುಕ್ಕಿನ ವಿಷಯ ನಿಮ್ಮ ಯಜಮಾನರಿಗೆ ಹೇಳಿದವನು ನಾನೇ. ನೀವು ಕೇಳಿದಾಗ ಇಲ್ಲ ಅಂದಿದ್ದೆ. ಅದು ಸುಳ್ಳು.

ಎಪ್ಪತ್ತರ ದಶಕದ ಮಾತು. ನಾನು ರಾಜಾಜಿನಗರದಲ್ಲಿ ಸೈಕಲ್ ಮೇಲೆ ಮನೆಮನೆ ಸುತ್ತುವ ಅಂಚೆ ಉಳಿತಾಯದ ಏಜೆಂಟು. ಕುಣಿಗಲ್ ಕಡೆಯಿಂದ ಬಂದವನು, ಓದಿದ್ದು ಏಳನೇ ಕ್ಲಾಸು. ಆದರೂ ಜನ ನನ್ನ ಸಲಹೆ ಕೇಳುತ್ತಿದ್ದರು. ದುಡಿದದ್ದರಲ್ಲಿ ಮನೆಗೊಂದು ಪಾಲು, ಮಕ್ಕಳಿಗೊಂದು, ಮುಪ್ಪಿಗೊಂದು ಎಂದರೆ ತಲೆಯಾಡಿಸುತ್ತಿದ್ದರು. ಹೆಂಗಸರು ಗಂಡಂದಿರಿಗೆ ತಿಳಿಯದಂತೆ ಕಟ್ಟುತ್ತಿದ್ದ ಪಾಸ್‌ಬುಕ್ಕುಗಳು ನನ್ನ ಚೀಲದಲ್ಲೇ ಇರುತ್ತಿದ್ದವು — ಮನೆಯಲ್ಲಿಟ್ಟರೆ ಸಿಕ್ಕಿಬೀಳುತ್ತವಲ್ಲ. ನಿಮ್ಮದೂ ಇತ್ತು. ಟೀಚರ್ ಟ್ರೈನಿಂಗ್ ಸೇರಲು ನೀವು ಮೂರು ವರ್ಷ ಕೂಡಿಟ್ಟಿದ್ದು. ಅದು ನನಗೊಬ್ಬನಿಗೇ ಗೊತ್ತಿತ್ತು.

ನಿಮ್ಮ ಜಗಲಿಯಲ್ಲಿ ಕೂತು ನಾನು ಎಸ್ಸೆಸ್ಸೆಲ್ಸಿಗೆ ಓದಲು ಶುರುಮಾಡಿದ್ದೂ ಆಗಲೇ. "ಬಡ್ಡಿ ಲೆಕ್ಕ ಬಾಯಲ್ಲೇ ಹೇಳ್ತೀಯ, ಬೀಜಗಣಿತ ಅಂದ ತಕ್ಷಣ ಆಕಳಿಸ್ತೀಯಲ್ಲೋ" ಎಂದು ಗದರುತ್ತಿದ್ದಿರಿ. ಮೂವತ್ತು ದಾಟಿದವನಿಗೆ ಪುಕ್ಕಟೆ ಪಾಠ, ಮೇಲೆ ಕಾಫಿ ಬೇರೆ.

ಮಾರೇನಹಳ್ಳಿಯ ಸೈಟನ್ನು ಯಜಮಾನರಿಗೆ ತೋರಿಸಿದವನೂ ನಾನೇ. ಮುಂಗಡಕ್ಕೆ ದುಡ್ಡು ಸಾಲದೆ ಅವರು, "ಬೇಡ ಬಿಡು ರಂಗಪ್ಪ, ನಮ್ ಕೈಲಾಗೋದಲ್ಲ" ಅಂದರು. ಸೈಟು ಮಾರುವವರು ನನಗೆ ಕಮಿಷನ್ ಕೊಡುತ್ತೇವೆ ಅಂದಿದ್ದರು. ಅದನ್ನು ಅವರಿಗೂ ಹೇಳಿರಲಿಲ್ಲ, ನಿಮಗೂ —

"ಮನೇಲೇ ಇದೆ ಸಾರ್. ಅಕ್ಕನ್ನ ಕೇಳಿ."

ಇಷ್ಟೇ ಅಂದೆ.

ಮರುವಾರ ನೀವು ಸೈಟಿನ ಮುಂಗಡಕ್ಕೆಂದು ಪಾಸ್‌ಬುಕ್ ಇಸಕೊಂಡಿರಿ. "ಅವರಿಗೆ ನೀನೇ ಹೇಳಿದ್ಯಾ?" ಅಂದಿರಿ.

"ಇಲ್ಲಕ್ಕ."

ಪಾಸ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡಿರಿ. ಆಮೇಲೆ, "ಸರಿ, ಪುಸ್ತಕ ತೆಗಿ" ಅಂದಿರಿ.

ಆ ವರ್ಷ ನಾನು ಪಾಸಾದೆ. ಟ್ರೈನಿಂಗ್ ಮಾತನ್ನು ನೀವು ಮತ್ತೆ ಎತ್ತಲಿಲ್ಲ. ಟೀಚರಾಗಬೇಕಿದ್ದ ನಿಮಗೆ ಸಿಕ್ಕಿದ್ದು ನಾನೊಬ್ಬನೇ ವಿದ್ಯಾರ್ಥಿ — ಇದನ್ನು ನೆನೆದಾಗಲೆಲ್ಲ...

ಇಂಗ್ಲಿಷ್ ಫಾರಂ ಓದಲು ಬಂದದ್ದು, ಅದರಿಂದ ಕೆಲಸ ಬೆಳೆದದ್ದು, ನನ್ನ ಮಗಳು ಕಾಲೇಜಿಗೆ ಹೋದದ್ದು, ಎಲ್ಲವೂ ನಿಮ್ಮಿಂದ. ಸುಳ್ಳು ಹೇಳಿದ ಮೇಲೂ ನೀವು ನನ್ನನ್ನು ನಿಮ್ಮ ಬೀದಿಯ ಎಷ್ಟೋ ಮನೆಗಳಿಗೆ ಕರೆದೊಯ್ದು, "ನಂಬಬಹುದು ಕಣ್ರೇ" ಅಂದಿರಿ. ಆ ಮಾತು ಹೊತ್ತುಕೊಂಡೇ ಬದುಕಿದ್ದೇನೆ. ಅಂದಿನಿಂದ ಯಾವ ಮನೆಗೆ ಹೋದರೂ ಮೊದಲು ಹೆಂಗಸರನ್ನು, "ನಿಮಗೇನು ಬೇಕಮ್ಮ?" ಎಂದು ಕೇಳುತ್ತೇನೆ. ಅದಕ್ಕೊಂದು ಪಾಲು ತೆಗೆದಿಡಿಸಿದ ಮೇಲೇ ಮಿಕ್ಕ ಮಾತು. ಇದು ನಿಮ್ಮಿಂದ ಕಲಿತದ್ದು, ನಿಮಗೆ ಮಾತ್ರ ಸಿಗದೇ ಹೋದದ್ದು.

ಈಗ ಯಜಮಾನರಿಲ್ಲ. ಆ ಸೈಟಿನಲ್ಲಿ ಮೂರಂತಸ್ತಿನ ಮನೆ ಇದೆ. ಹೋದ ತಿಂಗಳು ನಾನು ಬಂದಾಗ ನಿಮ್ಮ ಮಗ ಮೊಮ್ಮಕ್ಕಳನ್ನು ಕರೆದು, ನನ್ನನ್ನು ತೋರಿಸಿ, "ನಾವು ಇಷ್ಟು ಚೆನ್ನಾಗಿದೀವಿ ಅಂದ್ರೆ ಈ ತಾತ ಹೇಳಿಕೊಟ್ಟ ಬುದ್ಧಿ ಕಣ್ರೋ" ಅಂದ. ನೀವು ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದಿರಿ, ತಲೆ ಎತ್ತಲಿಲ್ಲ. ನಾನು ನಕ್ಕುಬಿಟ್ಟೆ.

ಆ ಮನೆ ನಿಂತಿರುವುದು ನಿಮ್ಮ ದುಡ್ಡಿನ ಮೇಲೆ, ನನ್ನ ಬುದ್ಧಿಯ ಮೇಲಲ್ಲ. ಭಾನುವಾರ ಬಂದು ಎಲ್ಲರನ್ನೂ ಕೂರಿಸಿ ಇದನ್ನು ಹೇಳಬೇಕೆಂದಿದ್ದೇನೆ. ಆದರೆ ಇದು ನಿಮ್ಮ ಗುಟ್ಟು. ಹೋದ ಸಲ ನಿಮ್ಮನ್ನು ಕೇಳದೆ ಹೇಳಿಬಿಟ್ಟೆ.

ಈ ಸಲ ಕೇಳುತ್ತಿದ್ದೇನೆ ಅಕ್ಕ — ಹೇಳಲೇ?